ಹತ್ತು ವರ್ಷದ ಮಣ್ಣು

ಮಲಪ್ರಭೆಯ ದಂಡೆಯ ಮೇಲಿದ್ದ ಕಲ್ಲಯ್ಯಜ್ಜನ ಆಶ್ರಮದಲ್ಲಿ ಜ್ಞಾನಕ್ಕೆ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ನೆರಳಿಗೆ.

ಅಜ್ಜ ಕೂರುತ್ತಿದ್ದದ್ದು ಅಂಗಳದ ಕಲ್ಲುಕಟ್ಟೆಯ ಮೇಲೆ. ಅದರ ಪಕ್ಕದಲ್ಲಿ ಹಿಂದೆ ಒಂದು ದೊಡ್ಡ ಬೇವಿನ ಮರ ಇತ್ತಂತೆ. ಕಟ್ಟೆಗೊಂದು ಮಾಡು ಹಾಕಿಸಬೇಕೆಂದು ಹಿಂದಿನ ಗುರುಗಳು ಆ ಮರವನ್ನೇ ಕಡಿಸಿದರು. ಕಂಬ, ತೊಲೆ ಎಲ್ಲ ಸಿದ್ಧವಾದವು. ಅಷ್ಟರಲ್ಲಿ ಗುರುಗಳು ಲಿಂಗೈಕ್ಯರಾದರು. ಮರವೂ ಹೋಯಿತು, ಮಾಡೂ ಬರಲಿಲ್ಲ. ತೊಲೆಗಳು ಗೋಡೆಗೆ ಒರಗಿ ಕೂತಿದ್ದವು.

ಪ್ರವಚನ ಕೇಳಲು ಬಂದವರು ತಲೆಗೆ ಟವೆಲ್ ಸುತ್ತಿಕೊಂಡು ಬಿಸಿಲಿನಲ್ಲಿ ಕೂರುತ್ತಿದ್ದರು. ಈ ದೇಹ ನಶ್ವರ ಎಂದು ಅಜ್ಜ ಹೇಳುವ ಮೊದಲೇ ಅವರಿಗೆ ಅದು ಮನವರಿಕೆಯಾಗಿರುತ್ತಿತ್ತು.

ಅಜ್ಜನ ಶಿಷ್ಯ ಅಡವೆಪ್ಪ. ಒಳ್ಳೆಯವನು, ಗಟ್ಟಿ ಆಳು, ಆದರೆ ಅವಸರದ ಸ್ವಭಾವ. ಹೊಳೆಗೆ ಸ್ನಾನಕ್ಕೆ ಇಳಿದರೆ ನಾಳೆಯದನ್ನೂ ಈಗಲೇ ಮುಗಿಸಿಬಿಡಲೇ ಎಂದು ಯೋಚಿಸುವವನು.

ಒಂದು ದಿನ ಹೊಳೆಯಾಚೆಯ ಊರಿನಿಂದ ಚನಬಸಗೌಡರು ನಾಲ್ಕು ಜನರನ್ನು ಕಟ್ಟಿಕೊಂಡು ಬಂದರು. ಅಜ್ಜನಿಗೆ ಅಡ್ಡಬಿದ್ದು ಕೂತರು.

“ಅಜ್ಜಾರ, ನಮ್ಮೂರಾಗ ಒಂದು ಸಣ್ಣ ಮಠ ಕಟ್ಟೀವ್ರಿ. ಒಳಗ ಕುಂದ್ರಾಕ ಗುರುಗಳಿಲ್ಲ. ನಿಮ್ಮ ಅಡವೆಪ್ಪನವರನ್ನ ಕಳಸಿಕೊಡ್ರಿ.”

“ಹೊರಗ ಕುಂದ್ರಾಕ ಮಂದಿ ಅದಾರೇನು?”

“ಭಾಳ ಮಂದಿ ಅದಾರ್ರಿ.”

“ಹಂಗಾದ್ರ ಅರ್ಧ ಮಠ ಆದಂಗ ಆತು.”

ಅಡವೆಪ್ಪ ಬಾಗಿಲ ಹಿಂದೆ ಕಸ ಗುಡಿಸುತ್ತಿದ್ದ. ಗೌಡರು ಬಂದಾಗಿನಿಂದ ಒಂದೇ ಜಾಗ ಗುಡಿಸುತ್ತಿದ್ದ. ಅಲ್ಲಿ ಈಗ ನೆಲವೇ ಸವೆಯುವಂತಾಗಿತ್ತು.

ಅಜ್ಜ ಹೇಳಿದರು. “ಕಳಸ್ತೀನಿ. ಆದ್ರ ಮೊದಲ ಈ ಕಟ್ಟಿ ಮ್ಯಾಲ ಒಂದು ಪಡಸಾಲಿ ಆಗಬೇಕು. ಅದು ಬಾಳಿಕಿ ಬರ್ತೈತಿ ಅಂತ ನನಗ ಖಾತ್ರಿ ಆದ ದಿನ ಅಡವ್ಯಾ ಹೊಳಿ ದಾಟ್ಲಿ.”

“ಎಷ್ಟು ದಿನದ ಕೆಲಸ ಆಗಬಹುದ್ರಿ?” ಗೌಡರು ಕೇಳಿದರು.

“ಅಮಾಸಿ ಒಳಗ ಮುಗಸ್ತೀನ್ರಿ!” ಎಂದು ಬಾಗಿಲ ಹಿಂದಿನಿಂದ ದನಿ ಬಂತು.

ಅಜ್ಜ ಆ ಕಡೆ ತಿರುಗಲಿಲ್ಲ. “ಕಸಾ ಹೊಡಿಯೂದು ಮುಗೀತೇನೋ?” ಎಂದರು.

ಮರುದಿನ ಬೆಳಕು ಹರಿಯುವ ಮೊದಲೇ ಅಡವೆಪ್ಪ ಹಾರೆ ಹಿಡಿದ. ಕಟ್ಟೆಯ ಮುಂದೆ ಮಣ್ಣಿನಲ್ಲಿ ಆಳವಾಗಿ ಗುಂಡಿ ತೋಡಿದ. ಬೇವಿನ ಕಂಬಗಳನ್ನು ಒಳಗಿಳಿಸಿ, ಸುತ್ತ ಮಣ್ಣು ತುಂಬಿ, ತುಳಿದು ಗಟ್ಟಿ ಮಾಡಿದ. ಮಧ್ಯಾಹ್ನದ ಹೊತ್ತಿಗೆ ಅಜ್ಜನನ್ನು ಕರೆತಂದು ತೋರಿಸಿದ.

“ನೋಡ್ರಿ ಅಜ್ಜಾರ. ಆನಿ ಬಂದು ಗುದ್ದಿದ್ರೂ ಅಲುಗಾಡಂಗಿಲ್ಲ.”

“ಇಲ್ಲಿ ಆನಿ ಎಲ್ಲಿಂದ ಬರ್ತೈತೋ?”

“ಮಾತಿಗಂದ್ನಿರಿ.”

“ಬರಲಾರದ್ದು ಬಿಡು. ದಿನಾ ಬರೂದು ಏನು?”

ಅಡವೆಪ್ಪ ಯೋಚಿಸಿದ. “ಮಂದಿ ಬರ್ತಾರ್ರಿ. ಆಡು ಬರ್ತಾವು. ಹೋದ ವಾರ ಒಂದು ಕತ್ತಿನೂ ಒದರಿಕೊಂತ ಬಂದಿತ್ತು.”

ಅಷ್ಟರಲ್ಲಿ ಆಶ್ರಮದ ಅಡುಗೆಯ ನೀಲವ್ವ ಪಾತ್ರೆ ತೊಳೆದ ನೀರಿನ ಬಕೆಟ್ ಎತ್ತಿಕೊಂಡು ಬಂದಳು. ಬಂದವಳೇ ಮೂಲೆಯ ಕಂಬದ ಬುಡಕ್ಕೆ ಚೆಲ್ಲಿ ಹೊರಟುಹೋದಳು. ಅವಳು ದಿನವೂ ಚೆಲ್ಲುವ ಜಾಗ ಅದೇ. ಇವತ್ತು ಅಲ್ಲಿ ಒಂದು ಕಂಬ ಇದ್ದದ್ದನ್ನು ಅವಳು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಅಜ್ಜ ಆ ಕೆಸರನ್ನು ತೋರಿಸಿದರು. “ಅದರಾಗ ನಿಂದ್ರು.”

“ನಾನ್ರಿ?”

“ಕಂಬ ಒಂದ ನಿಂತೈತಿ. ಜೋಡಿ ಆಗ್ತೈತಿ.”

ಅಡವೆಪ್ಪ ಬರಿಗಾಲಲ್ಲಿ ಕೆಸರಿನಲ್ಲಿ ನಿಂತ. “ಎಷ್ಟೊತ್ತು ನಿಂದ್ರಬೇಕ್ರಿ?”

“ಕಂಬ ಎಷ್ಟೊತ್ತು ನಿಂದ್ರಬೇಕು ಅಂತಿ?”

“ಭಾಳ ವರ್ಷರಿ.”

“ನಿಂದು ಸಂಜೀತನಕ ಸಾಕು.”

ಸಂಜೆಯವರೆಗೆ ನೀಲವ್ವ ಇನ್ನೂ ಒಂದೆರಡು ಸಲ ಬಂದು ನೀರು ಚೆಲ್ಲಿ ಹೋದಳು. ಅವನ ಮುಖ ನೋಡಿ ನಕ್ಕಳು, ಆದರೆ ಜಾಗ ಬದಲಿಸಲಿಲ್ಲ. ಹೊತ್ತು ಮುಳುಗುವಾಗ ಅಡವೆಪ್ಪ ಕಾಲು ಕಿತ್ತು ನೋಡಿಕೊಂಡ. ಪಾದಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ಬೆರಳ ಸಂದಿಯಲ್ಲಿ ಇರುವೆಗಳು ಸಂಸಾರ ಹೂಡಲು ಜಾಗ ನೋಡುತ್ತಿದ್ದವು.

ಮರುದಿನ ಕಂಬಗಳನ್ನೆಲ್ಲ ಕಿತ್ತ. ಹೊಳೆಯ ಕಡೆಯಿಂದ ಚಪ್ಪಟೆ ಕಲ್ಲು ಹೊತ್ತು ತಂದು, ನೆಲಕ್ಕಿಂತ ಎತ್ತರಕ್ಕೆ ಹಾಸಿ, ಅದರ ಮೇಲೆ ಕಂಬ ನಿಲ್ಲಿಸಿದ. ನೀಲವ್ವನಿಗೂ ಕೈಮುಗಿದ.

“ಬೇ ನೀಲವ್ವ, ಆ ನೀರು ಬ್ಯಾರೆ ಕಡಿ ಚೆಲ್ಲು.”

“ನಿನ್ನ ಕಂಬಕ್ಕಿಂತ ಮೊದಲ ನಾ ಬಂದೀನಿ ಈ ಆಶ್ರಮಕ್ಕ.”

“ಹೌದವ್ವ. ಆದ್ರ ನಿನಗ ಬ್ಯಾರೆ ಕಡಿ ನಡದು ಹೋಗಾಕ ಬರ್ತೈತಿ. ಕಂಬಕ್ಕ ಬರಂಗಿಲ್ಲ.”

ಇದು ನೀಲವ್ವನಿಗೆ ನ್ಯಾಯ ಅನ್ನಿಸಿತು. ಅಂದಿನಿಂದ ನೀರು ಹಿತ್ತಲಿನ ಬಾಳೆಗೆ ಹೋಯಿತು. ಅಜ್ಜ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡರು.

ಆಮೇಲೆ ಕೆಲಸ ಬೇಗ ಸಾಗಿತು. ಕಂಬದ ಮೇಲೆ ತೊಲೆ ಏರಿತು, ತೊಲೆಯ ಮೇಲೆ ಜಂತಿ. ಅದರ ಮೇಲೆ ತೊಗರಿ ಕಟ್ಟಿಗೆ, ಬೇವಿನ ಸೊಪ್ಪು, ಎಲ್ಲದರ ಮೇಲೆ ಹದವಾದ ಮಣ್ಣು. ನೀರು ನಿಲ್ಲದಂತೆ ಒಂದು ಬದಿಗೆ ಇಳಿಜಾರು ಬಿಟ್ಟಿದ್ದ. ಕೊನೆಗೆ ತೆಳ್ಳಗೆ ಸವಳು ಮಣ್ಣು ಹರಡಿದ.

ಆ ಸೀಮೆಯ ಮಾಳಿಗೆಗಳೆಲ್ಲ ಈ ಸವಳು ಮಣ್ಣನ್ನೇ ನಂಬಿ ನಿಂತಿವೆ. ಉಪ್ಪು ಬೆರೆತ ಈ ಮಣ್ಣು ನೀರನ್ನು ಕೆಳಗೆ ಬಿಡುವುದಿಲ್ಲ. ಆದರೆ ಅದಕ್ಕೂ ಒಂದು ಆಯುಷ್ಯ. ಬಿಸಿಲಿಗೆ ಬಿರಿಯುತ್ತದೆ, ಮಳೆಗೆ ತೊಳೆದು ಹೋಗುತ್ತದೆ, ಆಡುಗಳು ಹತ್ತಿ ಕೆದರುತ್ತವೆ. ಹಾಗಾಗಿ ವರ್ಷವರ್ಷವೂ ಮಳೆ ಹಿಡಿಯುವ ಮೊದಲು ಮನೆಯವರೆಲ್ಲ ಬುಟ್ಟಿ ಹಿಡಿದು ಮಾಳಿಗೆ ಹತ್ತಬೇಕು, ಹೊಸ ಮಣ್ಣು ಹರಡಿ ತುಳಿಯಬೇಕು.

ಅಮಾವಾಸ್ಯೆಗೆ ಮೊದಲೇ ಪಡಸಾಲೆ ಎದ್ದಿತು. ಅಜ್ಜ ಬಂದು ನೆರಳಿನಲ್ಲಿ ಕೂತು, ಕಂಬಕ್ಕೆ ಬೆನ್ನು ಕೊಟ್ಟು, “ಹಾ” ಎಂದರು. ಅಡವೆಪ್ಪನಿಗೆ ಕಣ್ಣು ತುಂಬಿ ಬಂತು. ಎಷ್ಟೋ ಬೇಸಿಗೆಗಳಿಂದ ಆ ಮುದಿ ತಲೆ ಸುಡುವುದನ್ನು ಅವನು ನೋಡಿದ್ದ.

“ಚೊಲೊ ಆಗೈತೇನ್ರಿ ಅಜ್ಜಾರ?”

“ಚೊಲೊ ಆಗೈತಿ.”

“ಎಷ್ಟು ವರ್ಷ ಬಾಳಿಕಿ ಬರಬಹುದ್ರಿ?”

“ಒಂದು ವರ್ಷ.”

ಅಡವೆಪ್ಪನಿಗೆ ತಾನು ಸರಿಯಾಗಿ ಕೇಳಿಸಿಕೊಂಡೆನೇ ಎಂದು ಅನುಮಾನ ಬಂತು.

“ಬೇವಿನ ತೊಲಿ ಅಜ್ಜಾರ! ಹುಳಾ ಹತ್ತಂಗಿಲ್ಲ.”

“ಹತ್ತಂಗಿಲ್ಲ.”

“ಕಂಬದ ಬುಡಕ್ಕ ಕಲ್ಲು ಐತ್ರಿ.”

“ಐತಿ.”

“ನೀರು ಹರಿಯಾಕ ಇಳಿಜಾರು ಬಿಟ್ಟೀನ್ರಿ.”

“ನೋಡೀನಿ.”

“ಮತ್ತ ಒಂದ ವರ್ಷ ಏನ್ರಿ?”

“ಒಂದ ವರ್ಷ. ಆಮ್ಯಾಲ ಮಣ್ಣು ಹಾಕಿದ್ರ ಇನ್ನೊಂದು ವರ್ಷ.”

“ಹಾಕದಿದ್ರ?”

“ಹಾಕದಿದ್ರ ಇಲ್ಲೇ ಕುಂತು ಜಳಕಾ ಮಾಡಬಹುದು.”

ಅಡವೆಪ್ಪ ಪೆಚ್ಚಾದ. ಇದು ಎಂದಾದರೂ ಮುಗಿಯುವ ಮಾತೇ? ಅಜ್ಜನಿಗೆ ಖಾತ್ರಿ ಇರುವುದು ಒಂದೇ ವರ್ಷದ್ದು. ತಾನು ಹೊಳೆ ದಾಟಿದರೆ ಬರುವ ವರ್ಷ ಮಾಳಿಗೆ ಹತ್ತುವವರು ಯಾರು? ಅಜ್ಜನಿಗೆ ವಯಸ್ಸಾಗಿದೆ. ನೀಲವ್ವನಿಗೆ ಮೊಣಕಾಲು ನೋವು. ತಾನು ಹೋದರೆ ಅಜ್ಜ ನೆನೆಯಬೇಕು, ತಾನು ಇದ್ದರೆ ಆಚೆಯ ಮಠ ಖಾಲಿ ಉಳಿಯಬೇಕು. ಎರಡನ್ನೂ ನೆನೆದು ಅವನಿಗೆ ಸಂಕಟವಾಯಿತು. ಅಜ್ಜನ ಮೇಲೆ ಅವನು ಪ್ರಾಣವನ್ನೇ ಇಟ್ಟಿದ್ದ. ಆಚೆಯ ಗದ್ದುಗೆಯ ಮೇಲೂ ಒಂದಿಷ್ಟು ಇಟ್ಟಿದ್ದ ಎಂಬುದನ್ನು ಮುಚ್ಚಿಡುವುದು ಬೇಡ.

ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ. ನಿಜ, ಆದರೆ ಅಂಥವರಿಗೆ ಉಪಾಯಕ್ಕೇನೂ ಕಡಿಮೆ ಇರುವುದಿಲ್ಲ. ಎರಡು ದಿನ ಮುಖ ಗಂಟಿಕ್ಕಿಕೊಂಡು ಓಡಾಡಿದ ಅಡವೆಪ್ಪ ಮೂರನೆಯ ದಿನ ಹೊಳೆ ದಾಟಿ ಗೌಡರ ಮನೆಗೆ ಹೋದ.

“ಗೌಡ್ರ, ಒಂದು ವರ್ಷದ ಮಣ್ಣಿಗೆ ಒಂದು ವರ್ಷ ಬಾಳಿಕಿ. ಹಂಗಾದ್ರ ಹತ್ತು ವರ್ಷದ ಮಣ್ಣಿಗೆ?”

ಗೌಡರು ಬೆರಳು ಎಣಿಸಿ ಹೇಳಿದರು. “ಹತ್ತು ವರ್ಷರಿ.”

“ನೋಡ್ರಿ, ನಿಮಗ ಎಷ್ಟು ಲಗೂನ ತಿಳೀತು.”

ಗುರುಗಳ ಒಗಟು ತಮಗೆ ಒಂದೇ ಏಟಿಗೆ ಬಿಡಿಸಲು ಬಂತಲ್ಲ ಎಂದು ಗೌಡರು ಹಿಗ್ಗಿದರು. ಆ ಹಿಗ್ಗಿನಲ್ಲೇ ಊರಿನ ಕತ್ತೆಗಳನ್ನೆಲ್ಲ ಕೂಡಿಸಿದರು.

ಬೇಸಿಗೆಯಾದ್ದರಿಂದ ಹೊಳೆಯಲ್ಲಿ ಮೊಣಕಾಲುದ್ದ ನೀರಿತ್ತು. ಸವಳು ಮಣ್ಣು ಹೊತ್ತ ಕತ್ತೆಗಳು ಸಾಲಾಗಿ ದಾಟಿ ಬಂದವು. ಗೌಡರ ಆಳುಗಳು ಏಣಿಯ ಮೇಲೆ ನಿಂತು ಬುಟ್ಟಿಯಿಂದ ಬುಟ್ಟಿಗೆ ಮೇಲೇರಿಸಿದರು. ಅಡವೆಪ್ಪ ಮೇಲೆ ನಿಂತು ಹರಡಿದ, ತುಳಿದ, ಮತ್ತೆ ಹರಡಿದ. ಮಣ್ಣಿನ ದಪ್ಪ ಮೊದಲು ಹಿಮ್ಮಡಿಯಷ್ಟಾಯಿತು, ಆಮೇಲೆ ಮೊಣಕಾಲಿನಷ್ಟಾಯಿತು.

ಅಜ್ಜ ಹೊರಗೆ ಬಂದು ತಲೆ ಎತ್ತಿ ನೋಡಿದರು.

“ಏನೋ ಇದು, ಕತ್ತಿ ಸಂತಿ?”

“ಅಜ್ಜಾರ, ಹತ್ತು ವರ್ಷದ ಮಣ್ಣು ಒಮ್ಮೆಲೆ ಹಾಕಾಕ ಹತ್ತೀನ್ರಿ. ಇನ್ನ ಹತ್ತು ವರ್ಷ ಯಾರೂ ಮ್ಯಾಲ ಹತ್ತೂ ತ್ರಾಸಿಲ್ಲ. ನೀವು ನಿಶ್ಚಿಂತಿ ಇರ್ರಿ.”

“ತೊಲಿಗೆ ಹೇಳಿಯೇನು?”

“ತೊಲಿಗೆ ಏನು ಹೇಳೂದ್ರಿ?”

“ಹತ್ತು ವರ್ಷದ ಭಾರ ಇವತ್ತ ಹೊರಬೇಕು ಅಂತ.”

ಹಿರಿಯರು ಚೇಷ್ಟೆ ಮಾಡಿದರೆ ನಗಬೇಕಲ್ಲ, ಅಡವೆಪ್ಪ ನಕ್ಕ. ಏಣಿಯ ಪಕ್ಕದಲ್ಲಿ ನಿಂತಿದ್ದ ಗೌಡರೂ ನಕ್ಕರು. ಅಜ್ಜ ಮಾತ್ರ ಪಡಸಾಲೆಯೊಳಗೆ ಹೋಗಿ ತಮ್ಮ ಚಾಪೆ ಸುತ್ತಿಕೊಂಡು ಬಂದು, ಅಂಗಳದ ನಡುವೆ ಬಿಸಿಲಿನಲ್ಲಿ ಹಾಸಿದರು.

“ಅಯ್ಯ, ಯಾಕ್ರೀ ಅಜ್ಜಾರ? ನೆರಳಾಗ ಕುಂದರ್ರಿ.”

“ಬಿಸಿಲು ಬಿದ್ರ ಬೆವರ್ತೀನಿ. ಅದು ಬಿದ್ರ ಬೆವರಾಕೂ ಆಗಂಗಿಲ್ಲ.”

“ಬೇವಿನ ತೊಲಿ ಬೀಳಂಗಿಲ್ರಿ.”

ನೀಲವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. “ತಾಳಿದವ ಬಾಳ್ಯಾನು ಅಂತಾರ,” ಎಂದಳು. “ಈ ತೊಲಿ ಎಷ್ಟಂತ ತಾಳ್ತೈತೋ ಏನೋ, ಉಸ್ಸ್ ಅನ್ನಾಕ ಹತ್ತೈತಿ.” ಅವಳ ಮಾತು ಯಾರ ಕಿವಿಗೂ ಬೀಳಲಿಲ್ಲ. ಕತ್ತೆಗಳ ಗಲಾಟೆ ಅಷ್ಟಿತ್ತು.

ಕೆಲಸ ಮುಗಿಯಿತು. ಗೌಡರು ಸಡಗರದಿಂದ ಹೇಳಿದರು. “ಇನ್ನೇನು, ಖಾತ್ರಿ ಆದಂಗ ಆತು. ನಾ ಊರಿಗೆ ಹೋಗಿ ಹೂವಿನ ಮಾಲಿ, ಬಾರಸೂ ಹಲಗಿ ಎಲ್ಲಾ ತಗೊಂಡು ಬರ್ತೀನಿ. ಇವತ್ತ ಅಡವೆಪ್ಪನವರನ್ನ ಕರಕೊಂಡು ಹೋಗೋಣು.”

ಅವರು ಹೋದ ಮೇಲೆ ಅಜ್ಜ ನೀಲವ್ವನನ್ನು ಕರೆದು ಕಿವಿಯಲ್ಲಿ ಏನೋ ಹೇಳಿದರು. ನೀಲವ್ವನ ಮುಖ ಅರಳಿತು. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬಹಳ ಹೊತ್ತು ಕೇಳಿಸಿತು.

ಊಟಕ್ಕೆ ಕೂತ ಅಡವೆಪ್ಪನ ಮುಂದೆ ಜೋಳದ ರೊಟ್ಟಿಯ ಅಟ್ಟಿ ಬಂತು. ಅಟ್ಟಿಯ ಆಚೆ ಕೂತ ಅಜ್ಜ ಅವನಿಗೆ ಕಾಣಲಿಲ್ಲ. ಬದನೆಕಾಯಿ ಎಣ್ಣೆಗಾಯಿ ಒಂದು ಗಡಿಗೆ, ಕಾಳು ಪಲ್ಯ ಒಂದು ಬೋಗುಣಿ, ಶೇಂಗಾ ಚಟ್ನಿಯ ಗುಡ್ಡೆ, ಮೊಸರಿನ ಕೊಡ.

“ಇದೇನವ್ವ ನೀಲವ್ವ?”

“ಹತ್ತು ದಿನದ ಊಟಪಾ. ನಾಳಿಂದ ನಿನಗ ಅಡಗಿ ಮಾಡೂ ಕೆಲಸಿಲ್ಲ. ಅಜ್ಜಾರ ಹೇಳ್ಯಾರ.”

ಬೀಳ್ಕೊಡುವ ಊಟವನ್ನು ಅಜ್ಜ ಹೀಗೆ ದೊಡ್ಡದಾಗಿ ಮಾಡಿಸಿದ್ದಾರೆ ಎಂದುಕೊಂಡು ಅಡವೆಪ್ಪ ಮೊದಲು ಸಂತೋಷದಿಂದಲೇ ಉಂಡ. ಆಮೇಲೆ ಭಕ್ತಿಯಿಂದ ಉಂಡ. ಆಮೇಲೆ ಭಯದಿಂದ ಉಂಡ. ಆಶ್ರಮದಲ್ಲಿ ಬಡಿಸಿದ್ದು ಪ್ರಸಾದ, ಒಂದು ಅಗುಳೂ ಬಿಡುವಂತಿಲ್ಲ. ಅಟ್ಟಿ ಕರಗಿ ಅಜ್ಜನ ಮುಖ ಕಾಣುವ ಹೊತ್ತಿಗೆ ಅವನ ಹಣೆಯಿಂದ ಬೆವರು ಇಳಿಯುತ್ತಿತ್ತು.

“ಅಜ್ಜಾರ, ಇನ್ನ ಆಗಂಗಿಲ್ರಿ.”

“ಯಾಕ? ಹತ್ತು ದಿನ ನಿಶ್ಚಿಂತಿ ಇರಬಹುದಲ್ಲ.”

“ಇವತ್ತಿನ ಹೊಟ್ಟಿ ಇವತ್ತಿಂದಷ್ಟ ಹಿಡೀತೈತ್ರಿ.”

“ಹೌದಾ? ಭಾಳ ಶಾಣ್ಯಾ ಐತಿ ನಿನ್ನ ಹೊಟ್ಟಿ. ಅದರ ಮಾತು ತಲಿಗೂ ಒಂದೀಟು ಮುಟ್ಟಸು. ಉಣ್ಣು.”

ನೀಲವ್ವ ಇನ್ನೊಂದು ಬದನೆಕಾಯಿ ಹಾಕಿದಳು. ಅಡವೆಪ್ಪ ಕೈಮುಗಿದ. ಎಂಜಲು ಕೈಯಲ್ಲೇ ಮುಗಿದ. ಕೊನೆಗೆ ಅಜ್ಜನೇ ಮನಸ್ಸು ಕರಗಿ, “ಉಳಿದದ್ದು ನಾವು ಹಂಚಿಕೊಂಡು ಉಣ್ತೀವಿ, ಏಳು” ಎಂದರು.

ಏಳುವುದೇನೋ ಎದ್ದ. ಆದರೆ ಮುಂದಕ್ಕೆ ಬಗ್ಗಲಾರ, ಹಿಂದಕ್ಕೆ ವಾಲಲಾರ. ಗೋಡೆ ಹಿಡಿದುಕೊಂಡು ಪಡಸಾಲೆಯವರೆಗೆ ಬಂದವನು ತಂಪು ಕಟ್ಟೆಯ ಮೇಲೆ ಅಂಗಾತ ಬಿದ್ದುಕೊಂಡ.

ಕಟ್ಟಿದಂದಿನಿಂದ ಅವನು ಆ ಮಾಡನ್ನು ಕೆಳಗಿನಿಂದ ಮಲಗಿ ನೋಡಿರಲಿಲ್ಲ. ಈಗ ನೋಡಿದ. ಬೆಳಿಗ್ಗೆ ನೇರವಾಗಿದ್ದ ನಡುತೊಲೆ ಕೆಳಕ್ಕೆ ಹೊಟ್ಟೆ ಬಿಟ್ಟಿತ್ತು. ಅಡವೆಪ್ಪ ತನ್ನ ಹೊಟ್ಟೆಯನ್ನು ನೋಡಿಕೊಂಡ. ಮತ್ತೆ ತೊಲೆಯನ್ನು ನೋಡಿದ.

“ಅಜ್ಜಾರ... ತೊಲಿ ಬಗ್ಗೈತ್ರಿ.”

ಅಂಗಳದಿಂದ ಅಜ್ಜನ ದನಿ ಬಂತು. “ಅದಕ್ಕ ಯಾರೋ ಹತ್ತು ವರ್ಷದ ಊಟ ಹಾಕ್ಯಾರ.”

“ಚಟ್” ಎಂದು ಸದ್ದಾಯಿತು. ಮೇಲಿನಿಂದ ಒಂದು ಹಿಡಿ ಸವಳು ಮಣ್ಣು ಅವನ ತೆರೆದ ಬಾಯಿಗೇ ಬಿತ್ತು.

“ಅಡವ್ಯಾ, ಎದ್ದು ಬಾ!” ಈ ಸಲ ಅಜ್ಜನ ದನಿಯಲ್ಲಿ ನಗು ಇರಲಿಲ್ಲ.

“ಏಳಾಕ ಬರವಲ್ದ್ರಿ!”

“ಹಂಗಾದ್ರ ಉರುಳು! ಉರುಳೋ!”

ಕಲ್ಲಯ್ಯಜ್ಜ ಓಡಿದ್ದನ್ನು ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ. ಅಂದು ಓಡಿದರು. ಕೋಲು ಎಸೆದು, ಧೋತರ ಎತ್ತಿ ಕಟ್ಟಿ, ಕಟ್ಟೆಯ ಅಂಚಿಗೆ ಬಂದು ಶಿಷ್ಯನ ಕಾಲು ಹಿಡಿದು ಜಗ್ಗಿದರು. ಅಡವೆಪ್ಪ ಕಟ್ಟೆಯಿಂದ ಅಂಗಳಕ್ಕೆ ದೊಪ್ಪೆಂದು ಉರುಳಿದ. ಉರುಳಿದವನಿಗೆ ನಿಲ್ಲಲು ಬರಲಿಲ್ಲ, ಹೊಟ್ಟೆ ಅಷ್ಟು ಗುಂಡಗಾಗಿತ್ತು. ಉರುಳುತ್ತಲೇ ಹೋದ.

ಸರಿಯಾಗಿ ಆಗಲೇ ಚನಬಸಗೌಡರು ಹೂಮಾಲೆ ಹಿಡಿದು, ಹಲಗೆ ಬಾರಿಸಿಕೊಂಡು ಊರ ಮಂದಿಯೊಂದಿಗೆ ಒಳಗೆ ಬಂದರು. ನೋಡಿದರೆ ತಮ್ಮ ಗುರುಗಳು ಅಂಗಳದ ಮಣ್ಣಿನಲ್ಲಿ ಉರುಳುತ್ತ ತಮ್ಮ ಕಡೆಗೇ ಬರುತ್ತಿದ್ದಾರೆ.

“ಆಹಾ!” ಗೌಡರು ಕೈಮುಗಿದರು. “ಹೋಗೂ ಮುಂದ ಗುರುವಿನ ಅಂಗಳದಾಗ ಉರುಳು ಸೇವಾ ಮಾಡಾಕ ಹತ್ಯಾರ. ಎಂಥಾ ಭಕ್ತಿ ಇದು! ನೀರು ಹಾಕ್ರೋ ದಾರಿಗೆ!”

ಹೆಣ್ಣುಮಕ್ಕಳು ಕೊಡ ಬಗ್ಗಿಸಿ ನೀರು ಹಾಕಿದರು. ಹಲಗೆ ಜೋರಾಯಿತು. ಅಡವೆಪ್ಪ ಕೆಸರಿನಲ್ಲಿ ಇನ್ನೂ ಎರಡು ಉರುಳು ಉರುಳಿ ಗೌಡರ ಪಾದದ ಬಳಿ ನಿಂತ. ಅವನ ಹಿಂದೆ ಪಡಸಾಲೆಯ ನಡುತೊಲೆ ಎರಡು ತುಂಡಾಗಿ, ಹತ್ತು ವರ್ಷದ ಮಣ್ಣು ಒಂದೇ ಸಲ ಕೆಳಗಿಳಿಯಿತು.

ಧೂಳು ಅಡಗಲು ಬಹಳ ಹೊತ್ತು ಬೇಕಾಯಿತು. ಅಡಗಿದ ಮೇಲೆ ನೋಡಿದರೆ ಎಲ್ಲರೂ ಒಂದೇ ಬಣ್ಣವಾಗಿದ್ದರು. ಹಲಗೆಯವನು ಬಾರಿಸುವುದೋ ಬಿಡುವುದೋ ತಿಳಿಯದೆ ಗೌಡರ ಮುಖ ನೋಡಿದ.

ಅಡವೆಪ್ಪ ಕೆಸರಿನಲ್ಲೇ ಎದ್ದು ಕೂತ. ತಾನು ಅಷ್ಟು ಪ್ರೀತಿಯಿಂದ ಕಟ್ಟಿದ ಪಡಸಾಲೆ ಮಣ್ಣಿನ ದಿಬ್ಬವಾಗಿ ಬಿದ್ದಿತ್ತು. ಅದನ್ನು ನೋಡುತ್ತ ನೋಡುತ್ತ ಬಿಕ್ಕಿ ಬಿಕ್ಕಿ ಅಳತೊಡಗಿದ. ನಗಬೇಕೆಂದಿದ್ದವರೂ ಸುಮ್ಮನಾದರು.

ಅಜ್ಜ ಬಂದು ಅವನ ಪಕ್ಕ ಕೆಸರಿನಲ್ಲೇ ಕೂತರು. ತಮ್ಮ ಹೆಗಲ ವಸ್ತ್ರದಿಂದ ಅವನ ಮುಖ ಒರೆಸಿದರು.

“ನಾ ಹೋದಮ್ಯಾಲ ನೀವು ಮಳ್ಯಾಗ ನೆನೀಬಾರದು ಅಂತ ಮಾಡಿದ್ನಿರಿ ಅಜ್ಜಾರ.”

“ಗೊತ್ತೈತಿ.”

“ಮತ್ತ ಯಾಕ ಬ್ಯಾಡ ಅನ್ಲಿಲ್ರಿ?”

“ಅಂದಿದ್ರ ಕೇಳ್ತಿದ್ದೇನು?”

ಅಡವೆಪ್ಪ ಯೋಚಿಸಿದ. ಸುಳ್ಳು ಹೇಳುವ ಅಭ್ಯಾಸ ಅವನಿಗಿರಲಿಲ್ಲ. “ಇಲ್ರಿ,” ಎಂದ.

ಮರುದಿನ ಮಣ್ಣು ಸರಿಸಿ ನೋಡಿದರು. ಮುರಿದದ್ದು ನಡುತೊಲೆ ಮಾತ್ರ. ಕಲ್ಲಿನ ಮೇಲೆ ನಿಂತ ಕಂಬಗಳು ಕದಲಿರಲಿಲ್ಲ. ಗಣಿತ ತಪ್ಪಿದ್ದಕ್ಕೆ ತಮ್ಮದೂ ಪಾಲಿದೆ ಎಂದು ಗೌಡರು ತಮ್ಮ ಕಡೆಯಿಂದ ಒಂದು ತೊಲೆ ತಂದುಕೊಟ್ಟರು. ಹೆಚ್ಚಾದ ಮಣ್ಣನ್ನು ಕತ್ತೆಗಳು ಬಂದ ದಾರಿಯಲ್ಲೇ ಹೊತ್ತುಕೊಂಡು ಹೋದವು. ಊರಿನ ಅರ್ಧ ಮಾಳಿಗೆಗಳಿಗೆ ಆ ವರ್ಷ ಅದೇ ಮಣ್ಣು ಬಿತ್ತು.

ಈ ಸಲ ಅಡವೆಪ್ಪ ಅವಸರ ಮಾಡಲಿಲ್ಲ. ತೆಳ್ಳಗೆ ಒಂದು ಪದರ ಹರಡಿದ, ಸಾವಕಾಶ ತುಳಿದ. ಆಮೇಲೆ ಕೆಳಗಿಳಿದು ಕಟ್ಟೆಯ ಮೇಲೆ ಮಲಗಿ ತೊಲೆಯನ್ನು ಬಹಳ ಹೊತ್ತು ನೋಡಿದ. ಅಜ್ಜ ದೂರದಿಂದ ಅವನನ್ನು ನೋಡುತ್ತಿದ್ದರು.

ಮುಂಗಾರಿನ ಮೊದಲ ಮಳೆ ಗುಡುಗಿಕೊಂಡು ಬಂತು. ಅಜ್ಜ, ಅಡವೆಪ್ಪ, ನೀಲವ್ವ, ಕರೆದೊಯ್ಯಲು ಬಂದಿದ್ದ ಗೌಡರು, ದಾರಿಯಲ್ಲಿ ಸಿಕ್ಕಿಬಿದ್ದ ನಾಲ್ಕು ಆಡು, ಎಲ್ಲರೂ ಪಡಸಾಲೆಯಲ್ಲಿ ಒತ್ತಿಕೊಂಡು ಕೂತರು. ಮೇಲಿನಿಂದ ಒಂದು ಹನಿ ಬೀಳಲಿಲ್ಲ.

ಮಳೆ ನಿಂತಾಗ ಅಜ್ಜ ಹೇಳಿದರು. “ನನಗ ಖಾತ್ರಿ ಆತು. ಹೊಳಿ ತುಂಬೂಕಿಂತ ಮೊದಲ ದಾಟ್ರಿ.”

ಗೌಡರು ಎದ್ದರು. ಅಡವೆಪ್ಪ ಏಳಲಿಲ್ಲ.

“ನಾ ಹೋಗಂಗಿಲ್ರಿ.”

ಗೌಡರು ಕಣ್ಣು ಬಿಟ್ಟರು. ಅಜ್ಜ ಹುಬ್ಬೇರಿಸಿದರು. “ಯಾಕ? ಅಲ್ಲಿ ಹೋಗಾಕಂತ ಒಂದು ತೊಲಿ ಮುರದಿ, ಒಂದು ಹೊಟ್ಟಿ ಕೆಡಿಸಿಕೊಂಡಿ. ಈಗ ಏನಾತು?”

“ಬರೂ ವರ್ಷ ಮಣ್ಣು ಯಾರು ಹಾಕ್ತಾರ್ರಿ?”

“ನೀನ ಬಂದು ಹಾಕು.”

“ಅದರ ಮುಂದಿನ ವರ್ಷ?”

“ಆವಾಗೂ ಬಾ.”

“ವರ್ಷಾ ಹಿಂಗ ಬರೂದು, ಹತ್ತೂದು, ತುಳಿಯೂದು... ಇದಕ್ಕ ಕೊನಿ ಇಲ್ಲಲ್ರಿ. ಒಮ್ಮೆ ಹತ್ತು ವರ್ಷಕ್ಕ ಆಗುವಂಗ ಗಟ್ಟಿ ಆಗಿದ್ರ ನಿಮಗೂ ತ್ರಾಸಿರಲಿಲ್ಲ, ನನಗೂ ನಿಶ್ಚಿಂತಿ ಇರತಿತ್ತು.”

ಅಜ್ಜ ಹೊಳೆಯ ಕಡೆ ನೋಡುತ್ತ ಕೂತರು. ಆಮೇಲೆ ಶಿಷ್ಯನ ತಲೆಯ ಮೇಲೆ ಕೈಯಿಟ್ಟರು.

“ಹತ್ತು ವರ್ಷಕ್ಕ ಆಗುವಂಗ ಹಾಕಿ ಹೋಗಿದ್ರ, ನೀ ಮತ್ತ ಈ ಅಂಗಳಕ್ಕ ಬರಾಕ ಹತ್ತು ವರ್ಷ ಹಿಡೀತಿತ್ತು. ಅಷ್ಟನ್ನ ತೊಲಿ ತಡಕೊಂತಿತ್ತೋ ಏನೋ, ನಾ ತಡಕೊಂತಿದ್ದಿಲ್ಲೋ ಅಡವ್ಯಾ.”